ಎರೆ ಹೊಲದಲ್ಲಿ ಕಂಡ ದೊಡ್ಡ ಹಕ್ಕಿ: ಅಪರೂಪದ ನೋಟವನ್ನು ದಾಖಲಿಸುವುದು ಹೇಗೆ?

ಪ್ರಶ್ನೆ: ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೌಢಶಾಲೆಯ ಶಿಕ್ಷಕ. ಕಳೆದ ಎಳ್ಳ ಅಮಾವಾಸ್ಯೆಯಂದು ಮನೆಯವರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಊಟ ಮುಗಿಸಿ ಹೊರಡುವ ಹೊತ್ತಿಗೆ ಪಕ್ಕದ ಕಡಲೆ ಹೊಲದಲ್ಲಿ ಒಂದು ದೊಡ್ಡ ಹಕ್ಕಿ ನಿಂತಿತ್ತು. ಕುತ್ತಿಗೆ ಬೆಳ್ಳಗೆ, ತಲೆಯ ಮೇಲೆ ಕಪ್ಪು, ಮೈ ಕಂದು. ಮೊಬೈಲಿನಲ್ಲಿ ಒಂದೇ ಒಂದು ಫೋಟೊ ಸಿಕ್ಕಿತು. ಅದರಲ್ಲಿ ಹಕ್ಕಿ ಜೋಳದ ಕಾಳಿನಷ್ಟು ಕಾಣುತ್ತದೆ. ಎಂಬತ್ತು ದಾಟಿದ ನಮ್ಮ ಮುತ್ಯಾ ನೋಡಿದ ಕೂಡಲೇ ‘ಎರೆಭೂತ’ ಎಂದರು. ಅವರು ಹುಡುಗರಿದ್ದಾಗ ಇಂಥ ಹಕ್ಕಿಗಳು ಇದೇ ಸೀಮೆಯಲ್ಲಿ ಇದ್ದವಂತೆ. ಅದು ಹಾರಿ ಹಳ್ಳದ ದಂಡೆಯ ಮರಗಳ ಕಡೆಗೆ ಹೋಯಿತು. ಮರದಲ್ಲಿ ಕೂತಿತು ಎಂದು ಮಗಳು ಹೇಳುತ್ತಾಳೆ, ನನಗೆ ಕಾಣಲಿಲ್ಲ. ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ‘ಹೆಣ್ಣು ನವಿಲು’ ಎಂದು ನಕ್ಕರು. ಇಂಥ ನೋಟವನ್ನು ಬೇರೆಯವರು ನಂಬುವಂತೆ ದಾಖಲಿಸುವುದು ಹೇಗೆ? ಯಾರಿಗೆ ತಿಳಿಸಬೇಕು? ಸ್ಥಳವನ್ನು ಹೇಳಬಹುದೇ?

ಉತ್ತರ: ಗುರುಗಳೇ, ನಿಮ್ಮ ಪತ್ರವನ್ನು ನಾಲ್ಕೈದು ಸಲ ಓದಿದೆ. ಹಕ್ಕಿ ಯಾವುದೆಂದು ಈಗಲೇ ಹೇಳಿಬಿಡುವ ಆಸೆ ನನಗೂ ಇದೆ. ಎರೆಭೂತ, ಹೆಬ್ಬಕ ಎಂದೆಲ್ಲ ನಾವು ಕರೆಯುವ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಈ ಹಕ್ಕಿ ಇಂದು ಹೊರಬಯಲಿನಲ್ಲಿ ಉಳಿದಿರುವುದು 150ರ ಆಸುಪಾಸು ಮಾತ್ರ, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ವಿಜಯಪುರದಿಂದ ಸುಮಾರು 100 ಕಿಲೋಮೀಟರ್ ಆಚೆಯ ಸೊಲ್ಲಾಪುರದ ಬಳಿ, ನಾನ್ನಜ್ ಎಂಬಲ್ಲಿ, 1979ರಲ್ಲಿ ಈ ಹಕ್ಕಿಗೆಂದೇ ಅಭಯಾರಣ್ಯ ಮಾಡಿದ್ದರು. ಆದ್ದರಿಂದ ನಿಮ್ಮ ಮುತ್ಯಾ ಅವರ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಎರೆ ಭೂಮಿಯ ಹೆಸರನ್ನೇ ಹೊತ್ತ ಹಕ್ಕಿಯನ್ನು ಎರೆ ಭೂಮಿಯ ಹಿರಿಯರೊಬ್ಬರು ಗುರುತಿಸಿದರೆ ಅದಕ್ಕೆ ಬೆಲೆ ಇದೆ. ಆದರೆ ಅಷ್ಟರಿಂದಲೇ ಅದು ದಾಖಲೆ ಆಗುವುದಿಲ್ಲ. ದಾಖಲೆಯಲ್ಲಿ ಹೆಸರು ಕೊನೆಗೆ ಬರಬೇಕಾದದ್ದು. ಮೊದಲು ಬರಬೇಕಾದದ್ದು ಕಣ್ಣಿಗೆ ಬಿದ್ದದ್ದು.

ನೀವು ಬರೆದದ್ದರಲ್ಲೇ ಇವೆರಡೂ ಬೆರೆತಿವೆ. ಕುತ್ತಿಗೆ ಬೆಳ್ಳಗಿತ್ತು, ತಲೆಯ ಮೇಲೆ ಕಪ್ಪಿತ್ತು, ಕಡಲೆ ಹೊಲದಲ್ಲಿ ನಿಂತಿತ್ತು, ಹಳ್ಳದ ಕಡೆಗೆ ಹಾರಿತು ಎಂಬವು ನೀವು ಕಂಡದ್ದು. ‘ದೊಡ್ಡ ಹಕ್ಕಿ’ ಎಂಬುದು ಅರ್ಧ ಕಂಡದ್ದು, ಅರ್ಧ ಅಂದಾಜು. ‘ಎರೆಭೂತ’ ಎಂಬುದು ತೀರ್ಮಾನ. ಇಂದು ರಾತ್ರಿಯೇ ಒಂದು ನೋಟ್‌ಬುಕ್ ತೆಗೆದುಕೊಂಡು ಕಂಡದ್ದನ್ನು ಮಾತ್ರ ಮೊದಲ ಪುಟದಲ್ಲಿ ಬರೆಯಿರಿ, ಅಂದಾಜನ್ನೂ ತೀರ್ಮಾನವನ್ನೂ ಮುಂದಿನ ಪುಟಕ್ಕೆ ಬಿಡಿ. ಪುಟದ ಮೇಲೆ ಎರಡು ದಿನಾಂಕಗಳು ಇರಲಿ: ಹಕ್ಕಿಯನ್ನು ಕಂಡ ದಿನದ್ದು ಮತ್ತು ಬರೆಯುತ್ತಿರುವ ದಿನದ್ದು. ಎರಡರ ನಡುವೆ ಎಷ್ಟು ದಿನ ಕಳೆದಿವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಓದುವವರಿಗೆ ಅದು ಗೊತ್ತಿರಬೇಕು. ಎಳ್ಳ ಅಮಾವಾಸ್ಯೆ ಎಂದು ಬರೆಯುವುದು ನಿಮ್ಮ ನೆನಪಿಗೆ ಒಳ್ಳೆಯದು, ಆದರೆ ಅದರ ಪಕ್ಕದಲ್ಲೇ ಕ್ಯಾಲೆಂಡರ್ ನೋಡಿ ತಾರೀಖು, ತಿಂಗಳು, ವರ್ಷವನ್ನು ಬರೆಯಿರಿ. ಹಬ್ಬ ಪ್ರತಿ ವರ್ಷ ಬರುತ್ತದೆ. ಹತ್ತು ವರ್ಷದ ನಂತರ ನೋಟ್‌ಬುಕ್ ತೆರೆದವನಿಗೆ ಯಾವ ವರ್ಷದ ಅಮಾವಾಸ್ಯೆ ಎಂಬುದು ತಿಳಿಯುವುದಿಲ್ಲ.

ಅಂದು ಹೊಲದಲ್ಲಿ ನಿಮ್ಮ ಜೊತೆ ಇದ್ದವರು ಕನಿಷ್ಠ ಇಬ್ಬರು, ಮುತ್ಯಾ ಮತ್ತು ಮಗಳು. ಅವರ ಮಾತನ್ನೂ ಬರೆದುಕೊಳ್ಳಿ, ಆದರೆ ಬೇರೆ ಬೇರೆಯಾಗಿ ಕೇಳಿ. ಮೂವರೂ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡರೆ ಮೂರು ನೆನಪುಗಳು ಒಂದೇ ಕಥೆಯಾಗಿಬಿಡುತ್ತವೆ, ಆಮೇಲೆ ಯಾರು ಏನನ್ನು ಕಂಡರು ಎಂದು ಬಿಡಿಸುವುದು ಸಾಧ್ಯವಿಲ್ಲ. ಕೇಳುವಾಗ ‘ಕುತ್ತಿಗೆ ಬೆಳ್ಳಗಿತ್ತಲ್ಲವೇ?’ ಎಂದು ಕೇಳಬೇಡಿ, ‘ಕುತ್ತಿಗೆ ಹೇಗಿತ್ತು?’ ಎಂದು ಕೇಳಿ. ಮಗಳ ಕೈಗೆ ಪೆನ್ಸಿಲ್ ಕೊಟ್ಟು ಚಿತ್ರ ಬಿಡಿಸಲು ಹೇಳಿ. ಚಿತ್ರ ಚೆನ್ನಾಗಿರಬೇಕಾಗಿಲ್ಲ. ಕೊಕ್ಕು ಉದ್ದವೋ ಗಿಡ್ಡವೋ, ಕಾಲು ಯಾವ ಬಣ್ಣ, ಕಪ್ಪು ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬುದು ಮಾತಿಗಿಂತ ಗೆರೆಯಲ್ಲಿ ಬೇಗ ಹೊರಬರುತ್ತದೆ.

ಈ ಕೊಕ್ಕಿನ ವಿಷಯವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಬಿಳಿ ಕುತ್ತಿಗೆ, ಕಪ್ಪು ನೆತ್ತಿ ಎಂಬ ಎರಡೇ ಗುರುತುಗಳು ಎರೆಭೂತಕ್ಕೆ ಹೊಂದುವಂತೆಯೇ ಬಿಳಿಕತ್ತಿನ ಕೊಕ್ಕರೆಗೂ ಹೊಂದುತ್ತವೆ. ಆ ಕೊಕ್ಕರೆ ನಮ್ಮ ಹೊಲಗಳಲ್ಲಿ, ಕಾಲುವೆಯ ದಂಡೆಯಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಆಗಾಗ ಕಾಣುತ್ತದೆ. ಅದರ ಮೈ ಹೊಳೆಯುವ ಕಪ್ಪು, ಆದರೆ ಇಳಿಬಿಸಿಲಿನಲ್ಲಿ ದೂರದಿಂದ ಕಂದಾಗಿ ಕಾಣಬಹುದು. ಅದರ ಕೊಕ್ಕು ಉದ್ದ, ದಪ್ಪ, ಕಾಲು ಕೆಂಪು. ಎರೆಭೂತದ ಕೊಕ್ಕು ತಲೆಯ ಅಳತೆಗೆ ಗಿಡ್ಡ, ಕಾಲು ಮಾಸಲು ಹಳದಿ, ಬೆನ್ನು ಮರಳಿನಂಥ ಕಂದು, ಗಂಡಿಗೆ ಎದೆಯ ಅಡ್ಡಕ್ಕೆ ಕಪ್ಪು ಪಟ್ಟಿ. ಗುಂಪಿನವರು ಹೇಳಿದ ಹೆಣ್ಣು ನವಿಲಾದರೆ ತಲೆಯ ಮೇಲೆ ಜುಟ್ಟು ಇರಬೇಕು, ಕುತ್ತಿಗೆಯ ಕೆಳಭಾಗದಲ್ಲಿ ಹಸಿರು ಹೊಳಪು ಇರಬೇಕು, ಹೊಟ್ಟೆ ಬೆಳ್ಳಗಿರಬೇಕು. ಚಳಿಗಾಲದಲ್ಲಿ ಕಡಲೆ, ಜೋಳದ ಹೊಲಗಳಿಗೆ ಇಳಿಯುವ ಡೆಮಾಯ್ಸೆಲ್ ಕ್ರೌಂಚಗಳ ಕುತ್ತಿಗೆಯ ಮುಂಭಾಗ ಕಪ್ಪು, ಮೈ ಬೂದು. ಅವು ಸಾಮಾನ್ಯವಾಗಿ ಹಿಂಡಿನಲ್ಲಿ ಇರುವುದರಿಂದ ನಿಮ್ಮ ಒಂಟಿ ಹಕ್ಕಿಗೆ ಅಷ್ಟಾಗಿ ಹೊಂದುವುದಿಲ್ಲ.

ಇನ್ನು ಮರದ ವಿಷಯ. ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಾಕ್ಯ ನಿಮ್ಮ ಮಗಳದು. ಎರೆಭೂತ ನೆಲದ ಹಕ್ಕಿ. ಅದರ ಪಾದದಲ್ಲಿ ಮುಂದಕ್ಕೆ ಚಾಚಿದ ಮೂರು ಬೆರಳುಗಳಷ್ಟೇ ಇವೆ, ಹಿಂದಿನ ಬೆರಳೇ ಇಲ್ಲ. ಕೊಂಬೆಯನ್ನು ಹಿಡಿದುಕೊಳ್ಳಲು ಹಿಂದಿನ ಬೆರಳು ಬೇಕು. ಅದಿಲ್ಲದ ಹಕ್ಕಿ ಮರದಲ್ಲಿ ಕೂರುವುದಿಲ್ಲ. ನವಿಲೂ ಕೊಕ್ಕರೆಯೂ ಮರವೇರುತ್ತವೆ. ಮಗಳು ನಿಜವಾಗಿ ಮರದಲ್ಲಿ ಕೂತದ್ದನ್ನು ಕಂಡಿದ್ದರೆ ಅಲ್ಲಿಗೆ ಎರೆಭೂತದ ಮಾತು ಮುಗಿಯಿತು. ಮರಗಳ ಕಡೆಗೆ ಹೋದದ್ದನ್ನು ಕಂಡು ಕೂತಿರಬೇಕು ಎಂದುಕೊಂಡಿದ್ದರೆ ಮಾತು ಇನ್ನೂ ಉಳಿದಿದೆ. ಆದ್ದರಿಂದ ಅವಳನ್ನು ಗದರಿಸದೆ, ಯಾವ ಉತ್ತರ ಬಂದರೆ ಅಪ್ಪನಿಗೆ ಸಂತೋಷ ಎಂಬುದು ಗೊತ್ತಾಗದ ಹಾಗೆ ಕೇಳಿ: ಯಾವ ಮರ, ಎಷ್ಟು ಎತ್ತರದ ಕೊಂಬೆ, ಕೂತ ಮೇಲೆ ರೆಕ್ಕೆ ಮಡಚಿದ್ದು ಕಂಡಿತೇ? ನೆನಪಿಲ್ಲ ಎಂದರೆ ‘ನೆನಪಿಲ್ಲ’ ಎಂದೇ ಬರೆಯಿರಿ. ನಿಮ್ಮ ಹೆಸರಿನ ಮುಂದೆ ‘ಕಾಣಲಿಲ್ಲ’ ಎಂದು ಬರೆಯಿರಿ. ಖಾಲಿ ಬಿಟ್ಟ ಜಾಗವನ್ನು ಊಹೆಯಿಂದ ತುಂಬದಿರುವವನ ದಾಖಲೆಯನ್ನು ಪರಿಶೀಲಕರು ಹೆಚ್ಚು ನಂಬುತ್ತಾರೆ, ನಾನೂ ನಂಬುತ್ತೇನೆ.

ಪಾದದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಇಂಥ ಹಕ್ಕಿ ಮತ್ತೆ ಕಂಡರೆ ಅದು ತಾನಾಗಿ ಹೋದ ಮೇಲೆ ನಿಂತಿದ್ದ ಜಾಗಕ್ಕೆ ನಡೆದು ನೆಲವನ್ನು ನೋಡಿ. ಎರೆ ಮಣ್ಣು ಹಸಿಯಾಗಿದ್ದರೆ ಅಚ್ಚು ಹಾಕಿದಂತೆ ಹೆಜ್ಜೆ ಮೂಡಿರುತ್ತದೆ, ಒಣಗಿ ಬಿರುಕು ಬಿಟ್ಟಿದ್ದರೆ ಮೂಡುವುದಿಲ್ಲ. ಆಗ ಬದುವಿನ ಪುಡಿಮಣ್ಣಿನಲ್ಲೋ ಕಾಲುವೆಯ ತೇವದ ಅಂಚಿನಲ್ಲೋ ಹುಡುಕಬೇಕು. ಎರೆಭೂತದ ಹೆಜ್ಜೆ ಮೂರು ದಪ್ಪ, ಗಿಡ್ಡ ಬೆರಳುಗಳದು, ಹಿಮ್ಮಡಿಯ ಹಿಂದೆ ಏನೂ ಇರುವುದಿಲ್ಲ. ಕೊಕ್ಕರೆಯದಾದರೆ ಬೆರಳುಗಳು ಉದ್ದ, ಸಪೂರ, ಹಿಂದಿನ ಬೆರಳಿನ ಗೆರೆ ಸ್ಪಷ್ಟ. ಹೆಜ್ಜೆಯ ಪಕ್ಕ ಶಾಲೆಯ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಅಳತೆಪಟ್ಟಿ ಇಲ್ಲದಿದ್ದರೆ ಐದು ರೂಪಾಯಿ ನಾಣ್ಯ ಇಟ್ಟರೂ ಸಾಕು. ಗರಿ ಸಿಕ್ಕರೆ ಅದಕ್ಕೂ ಇದೇ ಕ್ರಮ. ಅದನ್ನು ಎತ್ತಿಕೊಂಡು ಮನೆಗೆ ತರಬೇಡಿ. ಸಂರಕ್ಷಿತ ಪ್ರಾಣಿಯ ಅಂಗವನ್ನು ಇಟ್ಟುಕೊಳ್ಳುವುದು ಕಾಯ್ದೆಗೆ ವಿರುದ್ಧ.

ಈಗ ನಿಮ್ಮಲ್ಲಿರುವ ಒಂದೇ ಫೋಟೊ. ಜೋಳದ ಕಾಳಿನಷ್ಟು ಕಾಣುತ್ತದೆ ಎಂದು ನೀವು ನಿರಾಶರಾಗಿದ್ದೀರಿ, ಆದರೆ ಅದರಿಂದ ನಾವು ಇನ್ನೂ ಒಂದು ಸಂಗತಿಯನ್ನು ಹೊರತೆಗೆಯಬಹುದು. ಹೊಲಕ್ಕೆ ಹೋಗಿ, ಫೋಟೊ ತೆಗೆದ ಜಾಗದಲ್ಲೇ ನಿಂತು, ಹಿಂದಿನ ಮರ, ಕಂಬ, ಒಡ್ಡು ಎಲ್ಲವೂ ಹಳೆಯ ಫೋಟೊದಲ್ಲಿ ಇರುವಂತೆಯೇ ಹೊಂದಿಸಿಕೊಳ್ಳಿ. ಮನೆಯವರೊಬ್ಬರನ್ನು ಹಕ್ಕಿ ನಿಂತಿದ್ದ ಜಾಗದಲ್ಲಿ 5 ಅಡಿಯ ಕೋಲು ಹಿಡಿದು ನಿಲ್ಲಿಸಿ, ಅದೇ ಮೊಬೈಲಿನಿಂದ, ಅದೇ ಝೂಮ್ ಇಟ್ಟು ಇನ್ನೊಂದು ಫೋಟೊ ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ತೆರೆದು ಅಳೆದಾಗ, ಉದಾಹರಣೆಗೆ, ಕೋಲು 40 ಪಿಕ್ಸೆಲ್ ಇದ್ದು ಹಕ್ಕಿ 24 ಪಿಕ್ಸೆಲ್ ಇದ್ದರೆ ಹಕ್ಕಿಯ ಎತ್ತರ 3 ಅಡಿ. ಕಡಲೆ ಗಿಡದಲ್ಲಿ ಅದರ ಕಾಲು ಮುಚ್ಚಿದ್ದರೆ ಗಿಡದ ಎತ್ತರವನ್ನು ಬೇರೆಯಾಗಿ ಸೇರಿಸಬೇಕು. ವಯಸ್ಕ ಗಂಡು ಎರೆಭೂತ ಸುಮಾರು 1 ಮೀಟರ್ ಎತ್ತರ ನಿಲ್ಲುತ್ತದೆ, ಹೆಣ್ಣು ಅದಕ್ಕಿಂತ ಸಣ್ಣದು. ಎತ್ತರವೊಂದರಿಂದಲೇ ಹಕ್ಕಿಯ ಹೆಸರು ಸಿಗುವುದಿಲ್ಲವಾದರೂ ‘ದೊಡ್ಡ ಹಕ್ಕಿ’ ಎಂಬ ಅಂದಾಜು ಒಂದು ಅಳತೆಯಾಗುತ್ತದೆ.

ಮೂಲ ಫೋಟೊವನ್ನು ಕತ್ತರಿಸಬೇಡಿ, ಬೆಳಗಿಸಬೇಡಿ. ಮಸುಕನ್ನು ಸ್ಪಷ್ಟ ಮಾಡುವ ಆ್ಯಪ್‌ಗಳಿಗಂತೂ ಅದನ್ನು ಕೊಡಲೇಬೇಡಿ; ಅವು ಇಲ್ಲದ ಗರಿಯನ್ನೂ ಇಲ್ಲದ ಕೊಕ್ಕನ್ನೂ ತಾವೇ ಬರೆದುಬಿಡುತ್ತವೆ, ಆಮೇಲೆ ಆ ಚಿತ್ರಕ್ಕೆ ಸಾಕ್ಷಿಯ ಬೆಲೆ ಉಳಿಯುವುದಿಲ್ಲ. ಮೂಲ ಕಡತದೊಳಗೆ ತೆಗೆದ ದಿನ, ಸಮಯ, ಕೆಲವೊಮ್ಮೆ ಸ್ಥಳವೂ ಅಡಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದೆಲ್ಲ ಕಳಚಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಇ-ಮೇಲ್ ಮಾಡಿ.

ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಸಂರಕ್ಷಣೆಯ ದೃಷ್ಟಿಯಿಂದ ನಿಮ್ಮ ವಲಯ ಅರಣ್ಯ ಅಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸಿ, ಒಂದು ಪ್ರತಿಗೆ ಸ್ವೀಕೃತಿ ಪಡೆಯಿರಿ. ಗಾಯಗೊಂಡ ಪ್ರಾಣಿ, ಬೇಟೆ, ಊರೊಳಗೆ ಬಂದ ಮೊಸಳೆ ಇಂಥ ತುರ್ತಿಗೆ ಅರಣ್ಯ ಇಲಾಖೆಯ 1926 ಸಹಾಯವಾಣಿ ಇದೆ. ಕೃಷ್ಣೆ ತುಂಬಿ ಹರಿಯುವಾಗ ಜಮಖಂಡಿ, ರಾಯಬಾಗ, ಅಥಣಿ ಕಡೆಯ ನದಿ ದಂಡೆಯ ಊರುಗಳವರಿಗೆ ಮೊಸಳೆಯ ಅನುಭವ ಇದ್ದೇ ಇದೆ. ಅಂಥಲ್ಲಿ ದಾಖಲೆಗಿಂತ ಜನರನ್ನು ದೂರ ಇರಿಸುವುದು ಮೊದಲು.

ವಿಜ್ಞಾನದ ದೃಷ್ಟಿಯಿಂದಾದರೆ ಹಕ್ಕಿಗಳಿಗೆ ಇ-ಬರ್ಡ್ ಇದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ ಈ ವೇದಿಕೆಯನ್ನು ಭಾರತದಲ್ಲಿ ಬರ್ಡ್ ಕೌಂಟ್ ಇಂಡಿಯಾ ಬಳಗ ನೋಡಿಕೊಳ್ಳುತ್ತದೆ. ಅದರಲ್ಲಿ ಒಂದು ಹಕ್ಕಿಯನ್ನಷ್ಟೇ ಹಾಕುವುದಕ್ಕಿಂತ ಆ ಹೊತ್ತಿನಲ್ಲಿ ಗುರುತಿಸಿದ ಎಲ್ಲ ಹಕ್ಕಿಗಳ ಪಟ್ಟಿ, ಎಷ್ಟು ನಿಮಿಷ ನೋಡಿದಿರಿ, ಎಷ್ಟು ದೂರ ನಡೆದಿರಿ ಎಂಬ ವಿವರ ಸೇರಿದರೆ ದಾಖಲೆಗೆ ತೂಕ ಬರುತ್ತದೆ. ಪ್ರಾಣಿ, ಹಾವು, ಕೀಟ, ಗಿಡಗಳಿಗೆ ಐ-ನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇವೆ. ಐ-ನ್ಯಾಚುರಲಿಸ್ಟ್‌ನಲ್ಲಿ ಫೋಟೊ ಅಥವಾ ಧ್ವನಿ, ದಿನಾಂಕ, ಸ್ಥಳ ಇದ್ದು, ಹೆಸರು ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ಅದು ಸಂಶೋಧನೆಗೆ ಬಳಸಬಹುದಾದ ದರ್ಜೆಗೆ ಏರುತ್ತದೆ. ಒಂದು ಎಚ್ಚರಿಕೆ: ‘ಎರೆಭೂತ’ ಎಂದು ಈಗಲೇ ಹಾಕಬೇಡಿ. ಗುರುತಾಗದ ದೊಡ್ಡ ಹಕ್ಕಿ ಎಂದು ನಿಮ್ಮ ವಿವರಣೆಯೊಂದಿಗೆ ಬಲ್ಲವರಿಗೆ ನೇರವಾಗಿ ಕಳಿಸಿ.

ಇ-ಬರ್ಡ್‌ನಲ್ಲಿ ನಮ್ಮ ಪ್ರದೇಶಕ್ಕೆ ಅಪರೂಪದ ಹಕ್ಕಿಯನ್ನು ಹಾಕಿದರೆ ಸ್ವಯಂಸೇವಕ ಪರಿಶೀಲಕರೊಬ್ಬರು ಪತ್ರ ಬರೆದು ವಿವರ ಕೇಳುತ್ತಾರೆ. ಅದನ್ನು ಅಪನಂಬಿಕೆ ಎಂದು ಭಾವಿಸಬೇಡಿ. ನನಗೆ ಹತ್ತಾರು ಸಲ ಬಂದಿದೆ. ಅವರು ಕೇಳುವುದು ನೀವು ಸುಳ್ಳುಗಾರರೇ ಎಂದಲ್ಲ, ಇದನ್ನೇ ಹೋಲುವ ಬೇರೆ ಹಕ್ಕಿಯನ್ನು ಹೇಗೆ ಕೈಬಿಟ್ಟಿರಿ ಎಂದು. ಉತ್ತರದ ನಂತರವೂ ದಾಖಲೆ ದೃಢಪಡದೆ ಉಳಿಯಬಹುದು. ಹಾಗೆಂದರೆ ಹಕ್ಕಿ ಇರಲಿಲ್ಲ ಎಂದು ಅರ್ಥವಲ್ಲ, ಇದ್ದ ಸಾಕ್ಷಿ ಇನ್ನೊಬ್ಬರಿಗೆ ಸಾಲಲಿಲ್ಲ ಎಂದಷ್ಟೇ. ನೋಟ ಎಷ್ಟು ಅಪರೂಪವೋ ಸಾಕ್ಷಿ ಅಷ್ಟು ಗಟ್ಟಿಯಾಗಿರಬೇಕು ಎಂಬ ಈ ನಿಯಮ ಕಠಿಣವಾದರೂ ಅದಿಲ್ಲದೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಮಹಾರಾಷ್ಟ್ರದ ಉತ್ತರ ಭಾಗವಾದ ಖಾನದೇಶದಲ್ಲೇ ನಿದರ್ಶನವಿದೆ.

ಕಾಡು ಗೂಬೆ ಎಂಬ ಸಣ್ಣ ಹಗಲು ಗೂಬೆಯ ನಿಜವಾದ ಕೊನೆಯ ಮಾದರಿ, ಅಂದರೆ ಒಳಗೆ ತುಂಬಿ ಚೀಟಿ ಕಟ್ಟಿ ಕಾದಿಡುವ ಸತ್ತ ಹಕ್ಕಿ, ಸಂಗ್ರಹವಾದದ್ದು 1884ರಲ್ಲಿ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಅಧಿಕಾರಿ 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ತಾನೊಂದನ್ನು ಸಂಗ್ರಹಿಸಿದ್ದಾಗಿ ಚೀಟಿ ಅಂಟಿಸಿಟ್ಟಿದ್ದ. ಅದು ವಾಸ್ತವದಲ್ಲಿ ಜೇಮ್ಸ್ ಡೇವಿಡ್ಸನ್ ಎಂಬವರು ಖಾನದೇಶದಲ್ಲಿ ಸಂಗ್ರಹಿಸಿದ್ದ ಹಳೆಯ ಮಾದರಿ. ಅದನ್ನು ಕದ್ದು, ಹೊಸದಾಗಿ ತುಂಬಿ, ಸುಳ್ಳು ಊರು, ಸುಳ್ಳು ವರ್ಷ ಬರೆಯಲಾಗಿತ್ತು. ಪಮೇಲಾ ರಾಸ್ಮುಸೆನ್ ಮತ್ತು ಅವರ ಜೊತೆಗಾರರು ಈ ಮೋಸವನ್ನು ಪತ್ತೆಹಚ್ಚಿ, ಸುಳ್ಳು ಚೀಟಿಯನ್ನು ಬದಿಗಿಟ್ಟು, ನಿಜವಾದ ಚೀಟಿಗಳು ಹೇಳಿದ ಸೀಮೆಗಳಲ್ಲಿ ಹುಡುಕಿದಾಗ 1997ರ ನವೆಂಬರಿನಲ್ಲಿ ಶಹಾದಾ ಬಳಿ ಗೂಬೆ ಮತ್ತೆ ಸಿಕ್ಕಿತು. 113 ವರ್ಷಗಳ ಹಿಂದೆ ಒಬ್ಬ ಪ್ರಾಮಾಣಿಕವಾಗಿ ಬರೆದಿಟ್ಟ ಊರಿನ ಹೆಸರೇ ಅವರನ್ನು ಅಲ್ಲಿಗೆ ಕರೆದೊಯ್ದದ್ದು.

ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ಅಂಥ ಒಂದು ಒಳ್ಳೆಯ ಚೀಟಿ ಇದೆ. ಖಾನಾಪುರ ತಾಲ್ಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಿಂದ ಬಂದ ಮಾದರಿಯ ಮೇಲೆ 1913ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಅವರು ರಾಟನ್ ಬಾವಲಿಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಗುಹೆಯ ಹೆಸರನ್ನೇ ಖಚಿತವಾಗಿ ಬರೆದಿದ್ದರಿಂದ ಬಹುಕಾಲ ಜಗತ್ತಿನಲ್ಲಿ ಅದೊಂದೇ ನೆಲೆ ಎಂದು ತಿಳಿದಿದ್ದ ಆ ಬಾವಲಿಯನ್ನು ಮತ್ತೆ ಮತ್ತೆ ಹೋಗಿ ನೋಡಲು, ಎಣಿಸಲು ಸಾಧ್ಯವಾಯಿತು. ಮುಂದೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಅದು ಕಂಡುಬಂತು. ಇಂದು ಆ ಗುಹೆಗಳು ಭೀಮಗಡ ವನ್ಯಜೀವಿಧಾಮದ ಭಾಗ. ಇದನ್ನು ಓದಿ ಯಾರೂ ಅಲ್ಲಿಗೆ ಹೊರಡಬಾರದು. ಬಾವಲಿಗಳ ನೆಲೆಗೆ ಜನರ ಓಡಾಟವೇ ದೊಡ್ಡ ಕಂಟಕ.

ಇಲ್ಲಿಂದ ನಿಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಸ್ಥಳವನ್ನು ಖಚಿತವಾಗಿ ಬರೆಯಬೇಕು, ಆದರೆ ಎಲ್ಲರಿಗೂ ಹೇಳಬಾರದು. ನೋಟ್‌ಬುಕ್ಕಿನಲ್ಲಿ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ನಾಲ್ಕು ಅಂಕಿಗಳವರೆಗೆ ಬರೆಯಿರಿ. ಅದು ಸುಮಾರು 11 ಮೀಟರಿನಷ್ಟು ನಿಖರ. ಅರಣ್ಯ ಇಲಾಖೆಗೂ ನಿಜವಾದ ಸಂಶೋಧಕರಿಗೂ ಅದನ್ನೇ ಕೊಡಿ. ವಾಟ್ಸ್ಆ್ಯಪ್ ಗುಂಪಿಗೆ, ಫೇಸ್‌ಬುಕ್ಕಿಗೆ ತಾಲ್ಲೂಕಿನ ಹೆಸರಿಗಿಂತ ಹೆಚ್ಚು ಬೇಡ. ಐ-ನ್ಯಾಚುರಲಿಸ್ಟ್ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ತಾನಾಗಿಯೇ 0.2 ಡಿಗ್ರಿಯ ಚೌಕದೊಳಗೆ ಮಸುಕು ಮಾಡುತ್ತದೆ, ಅಂದರೆ ನಮ್ಮಲ್ಲಿ ಬದಿಗೆ ಸುಮಾರು 21ರಿಂದ 22 ಕಿಲೋಮೀಟರ್. ಬೇರೆ ಜೀವಿಗಳಿಗೂ ನೀವೇ ಆ ಆಯ್ಕೆ ಮಾಡಿಕೊಳ್ಳಬಹುದು. ಇ-ಬರ್ಡ್ ಕೂಡ ತೊಂದರೆಗೆ ಸಿಕ್ಕಬಹುದಾದ ಕೆಲವು ಹಕ್ಕಿಗಳ ನೆಲೆಯನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ.

ನಾನು ಇಷ್ಟು ಒತ್ತಾಯದಿಂದ ಹೇಳುವುದಕ್ಕೆ ನನ್ನ ಕೈಯಿಂದಲೇ ಆದ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಕೆಂಪು ಮರಳುಗಲ್ಲಿನ ಒಂದು ಕೊರಕಲಿನಲ್ಲಿ ಕೊಂಬಿನ ಗೂಬೆಯ ಗೂಡು ಕಂಡೆ. ಗೂಡು ಎಂದರೆ ಬಂಡೆಯ ಚಾಚಿನ ಮೇಲೆ ಬರಿ ಮಣ್ಣಿನ ತಗ್ಗು, ಅದರಲ್ಲಿ ಮಾಸಿದ ಬಿಳುಪಿನ ಮೂರು ಮೊಟ್ಟೆ, ಸುತ್ತ ಇಲಿಯ ಎಲುಬುಗಳಿದ್ದ ಉಗುಳುಂಡೆಗಳು. ಸಂತೋಷ ತಡೆಯಲಾರದೆ ಫೋಟೊದ ಜೊತೆ ಹಳ್ಳಿಯ ಹೆಸರನ್ನು ಒಂದು ಗುಂಪಿಗೆ ಹಾಕಿದೆ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಬಂಡೆಯ ಕೆಳಗೆ ಬೈಕುಗಳು ನಿಂತಿದ್ದವು, ಚಾಚಿನವರೆಗೆ ಹತ್ತಿ ಇಳಿದ ಬೂಟಿನ ಗುರುತುಗಳಿದ್ದವು. ತಾಯಿ ಗೂಬೆ ಎದುರಿನ ಬಂಡೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿತ್ತು. ಅದು ಮೊಟ್ಟೆಗಳ ಮೇಲೆ ಮತ್ತೆ ಕೂರಲಿಲ್ಲ. ಹತ್ತಿದವರನ್ನು ನಾನು ಬಯ್ಯಲಾರೆ, ದಾರಿ ತೋರಿಸಿದ್ದು ನಾನು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ‘ಬೇಟೆ’ಯ ವ್ಯಾಖ್ಯೆಯೊಳಗೇ ಬರುತ್ತದೆ. ಗೂಡು ಕಂಡಾಗ ಆ ಮಾತು ನನ್ನ ನೆನಪಿನಲ್ಲಿ ಇರಬೇಕಾಗಿತ್ತು.

ಇನ್ನೊಂದು ತಪ್ಪು ಸಣ್ಣದು, ಆದರೆ ನಿಮಗೆ ಉಪಯೋಗವಾಗಬಹುದು. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ, ಹೆರಕಲ್ ಕಡೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಒಮ್ಮೆ ಹಿಂಡಿನಲ್ಲಿ ಒಂದರ ಕುತ್ತಿಗೆಗೆ ಹಸಿರು ಪಟ್ಟಿ ಇದ್ದದ್ದು ಕಂಡು ನಾನು ಆ ಬಣ್ಣವನ್ನಷ್ಟೇ ಬರೆದುಕೊಂಡೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಇಂಥ ಹಸಿರು ಪಟ್ಟಿ ತೊಡಿಸುತ್ತಾರೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಪ್ರತಿ ಹಕ್ಕಿಗೂ ಬೇರೆ ಬೇರೆ ಅಕ್ಷರ, ಅಂಕಿ ಇರುತ್ತವೆ. ಆ ಗುರುತು ಗೊತ್ತಿದ್ದರೆ ಹಕ್ಕಿಗೆ ಪಟ್ಟಿ ತೊಡಿಸಿದ ಕೆರೆ, ದಿನ ಎಲ್ಲವೂ ಸಿಗುತ್ತಿತ್ತು. ಗೊತ್ತಿಲ್ಲದ್ದರಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ನನ್ನ ನೋಟ್‌ಬುಕ್ಕಿನಲ್ಲಿ ಅನಾಮಧೇಯವಾಗಿ ಉಳಿಯಿತು. ಕಾಲಿನಲ್ಲಿ ಉಂಗುರವಿದ್ದರೆ ಯಾವ ಕಾಲು, ಮೊಣಕಾಲಿನ ಮೇಲೋ ಕೆಳಗೋ, ಬಣ್ಣ, ಅಕ್ಷರ ಎಲ್ಲವನ್ನೂ ಬರೆದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರೆ ಅವರು ಮೂಲವನ್ನು ಹುಡುಕಿಕೊಡುತ್ತಾರೆ.

ನಿಮ್ಮ ಮುತ್ಯಾ ಅವರ ವಿಷಯ ಇನ್ನೂ ಬಾಕಿ ಇದೆ. ಜೆರ್ಡನ್ ಕೋರ್ಸರ್ ಎಂಬ ರಾತ್ರಿ ಓಡಾಡುವ ಹಕ್ಕಿ 1900ರ ನಂತರ ಯಾವ ಪಕ್ಷಿತಜ್ಞರಿಗೂ ಕಾಣದೆ, ಅಳಿದೇಹೋಯಿತು ಎಂದು ಬಗೆದಿದ್ದಾಗ 1986ರಲ್ಲಿ ಆಂಧ್ರದ ಕಡಪ ಜಿಲ್ಲೆಯಲ್ಲಿ ಮತ್ತೆ ದೊರಕಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರ ಹುಡುಕಾಟಕ್ಕೆ ಅದನ್ನು ಹಿಡಿದುಕೊಟ್ಟವರು ಐತಣ್ಣ ಎಂಬ ಸ್ಥಳೀಯರು. ತಜ್ಞರಿಗೆ ಅಳಿದುಹೋಗಿದ್ದ ಹಕ್ಕಿಯನ್ನು ಆ ಕುರುಚಲು ಕಾಡಿನಲ್ಲಿ ಓಡಾಡುವವರು ಬಲ್ಲವರಾಗಿದ್ದರು. ಮುತ್ಯಾ ಅವರನ್ನು ಒಂದು ಸಂಜೆ ಕೂರಿಸಿಕೊಂಡು ಎರೆಭೂತದ ಬಗ್ಗೆ ಅವರಿಗೆ ಗೊತ್ತಿರುವುದನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿ: ಯಾವ ಸೀಮೆಯಲ್ಲಿ, ಯಾವ ಬೆಳೆಯಲ್ಲಿ, ಹಿಂಗಾರಿಯಲ್ಲೋ ಮುಂಗಾರಿಯಲ್ಲೋ, ಎಷ್ಟು ಕಾಣುತ್ತಿದ್ದವು, ಯಾವಾಗಿನಿಂದ ಕಾಣದಾದವು. ಮೊನ್ನೆಯ ಹಕ್ಕಿ ನವಿಲೇ ಆಗಿದ್ದರೂ ಈ ಮಾತುಗಳಿಗೆ ಅವುಗಳದೇ ಆದ ಬೆಲೆ ಇದೆ. ಡೋಣಿ ಬಯಲಿನ ಹಳೆಯ ಹಕ್ಕಿಗಳ ಬಗ್ಗೆ ಕಣ್ಣಾರೆ ಕಂಡು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಕ್ಕಿ, ಪ್ರಾಣಿಗಳಿಗೆ ಊರಲ್ಲಿ ಕರೆಯುವ ಹೆಸರುಗಳನ್ನೂ ಅವರು ಹೇಳಿದಂತೆಯೇ ಬರೆಯಿರಿ, ಆದರೆ ಪಕ್ಕದಲ್ಲಿ ವರ್ಣನೆಯೂ ಇರಲಿ. ‘ನರಿ’ ಎಂದರೆ ನಮ್ಮಲ್ಲಿ ಎರಡು ಪ್ರಾಣಿಗಳು: ರಾತ್ರಿ ಗುಂಪಾಗಿ ಊಳಿಡುವ ಗುಳ್ಳೆನರಿ ಒಂದು, ಬೆಕ್ಕಿಗಿಂತ ತುಸು ದೊಡ್ಡದಾದ, ಪೊದೆಯಂಥ ಬಾಲದ ತುದಿ ಕಪ್ಪಾಗಿರುವ ಬಯಲು ನರಿ ಇನ್ನೊಂದು. ಬರಿ ಹೆಸರು ಬರೆದರೆ ಯಾವುದೆಂದು ತಿಳಿಯುವುದಿಲ್ಲ.

ಅಪರೂಪದ್ದಕ್ಕೆ ಕಾಯುತ್ತ ಕೂರದೆ ನಿತ್ಯ ಕಾಣುವುದನ್ನೂ ಬರೆಯಿರಿ ಎಂದು ಶಾಲೆಯಲ್ಲಿರುವ ನಿಮಗೆ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿದ್ದು 30,000ಕ್ಕೂ ಹೆಚ್ಚು ಹವ್ಯಾಸಿಗಳು ಇ-ಬರ್ಡ್‌ಗೆ ಹಾಕಿದ ಸುಮಾರು 3 ಕೋಟಿ ದಾಖಲೆಗಳ ಬಲದಿಂದ. ಅದರಲ್ಲಿ ಬಹುಪಾಲು ಕಾಗೆ, ಗೊರವಂಕ, ಬೆಳ್ಳಕ್ಕಿಗಳ ಎಣಿಕೆಗಳೇ. ನೀವು ಅದೇ ಹೊಲಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಹೋಗಿ, ಕಂಡ ಎಲ್ಲ ಹಕ್ಕಿಗಳ ಪಟ್ಟಿ ಮಾಡಿದರೆ ಎರಡು ಉಪಯೋಗಗಳಿವೆ. ಹೆಣ್ಣು ನವಿಲು, ಬಿಳಿಕತ್ತಿನ ಕೊಕ್ಕರೆಗಳು ಆ ಹೊಲಕ್ಕೆ ಬರುತ್ತವೆಯೇ ಎಂಬುದು ತಿಳಿಯುತ್ತದೆ, ಜೊತೆಗೆ ದೂರದಿಂದ, ಅದೇ ಇಳಿಬಿಸಿಲಿನಲ್ಲಿ ಅವು ಹೇಗೆ ಕಾಣುತ್ತವೆ ಎಂಬುದಕ್ಕೆ ನಿಮ್ಮ ಕಣ್ಣು ಪಳಗುತ್ತದೆ. ಆ ದೊಡ್ಡ ಹಕ್ಕಿ ಕಾಣದ ವಾರಗಳಲ್ಲೂ ‘ಕಾಣಲಿಲ್ಲ’ ಎಂದು ಬರೆಯಿರಿ. ಹೋಗದಿದ್ದ ವಾರಕ್ಕೂ ಹೋಗಿ ಕಾಣದಿದ್ದ ವಾರಕ್ಕೂ ಬಹಳ ವ್ಯತ್ಯಾಸವಿದೆ.

ನನ್ನ ಈಗಿನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಪತ್ರದ ಆಧಾರದ ಮೇಲೆ ನಾನು ಬಿಳಿಕತ್ತಿನ ಕೊಕ್ಕರೆಯ ಕಡೆಗೇ ವಾಲುತ್ತೇನೆ. ಗಿಡ್ಡ ಕೊಕ್ಕು, ಕಂದು ಬೆನ್ನು, ನೆಲದಲ್ಲೇ ಇಳಿದದ್ದು ಎಂಬ ಮೂರರಲ್ಲಿ ಎರಡನ್ನು ನಿಮ್ಮ ಮನೆಯವರು ಬೇರೆ ಬೇರೆಯಾಗಿ ಹೇಳಿದರೆ ಅಭಿಪ್ರಾಯ ಬದಲಾಯಿಸಲು ಸಿದ್ಧನಿದ್ದೇನೆ, ಆಗ ನಾನೇ ನಿಮ್ಮ ಹೊಲಕ್ಕೆ ಬರುತ್ತೇನೆ. ಮೂಲ ಫೋಟೊ, ಕೋಲು ಹಿಡಿದು ತೆಗೆದ ಎರಡನೆಯ ಫೋಟೊ, ಮೂವರ ಬರಹಗಳು, ಮಗಳ ಚಿತ್ರ ಇಷ್ಟನ್ನೂ ಒಟ್ಟಿಗೆ ಕಳಿಸಿ. ಚಿತ್ರದಲ್ಲಿ ಕೊಕ್ಕನ್ನು ಅವಳು ಎಷ್ಟು ಉದ್ದ ಬರೆದಿದ್ದಾಳೋ ಹಾಗೆಯೇ ಇರಲಿ, ತಿದ್ದಬೇಡಿ.